ಸುಮ್ಮನೆ ಹೋಗಿದ್ದೆವು

ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಹೋದ ಕೆಲಸ ಆಗುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಇದೆ. ಆದ್ದರಿಂದ ಹನಗೋಡಿನ ಬಸ್ ನಿಲ್ದಾಣದಲ್ಲಿ ಯಾರೂ ಹಾಗೆ ಕೇಳುವುದಿಲ್ಲ, ‘ದೂರ ಹೊರಟ್ರಾ?’ ಎಂದು ಸುತ್ತಿ ಬಳಸಿ ಕೇಳುತ್ತಾರೆ. ಹುಣಸೂರಿಗೆ, ಮೈಸೂರಿಗೆ, ಪಿರಿಯಾಪಟ್ಟಣಕ್ಕೆ ಎಂದರೆ ಅದರ ಬೆನ್ನಿಗೇ ಎರಡನೆಯ ಪ್ರಶ್ನೆ ಬರುತ್ತದೆ. ‘ಏನ್ ಕೆಲ್ಸ ಇತ್ತು?’ ಗಂಡಸರಾದರೆ ‘ಹಿಂಗೇ ಒಂದ್ ರೌಂಡು’ ಎಂದು ಬೀಡಿ ಹಚ್ಚಿದರೂ ಉತ್ತರವಾಯಿತು. ಹೆಂಗಸರಿಗೆ ಆ ಸೌಲಭ್ಯವಿಲ್ಲ. ಆಸ್ಪತ್ರೆ, ಮದುವೆ, ಬಾಣಂತಿ, ಸಾವು, ಸೊಸೈಟಿ, ಸಂಘದ ಸಾಲ ಇವುಗಳಲ್ಲಿ ಒಂದನ್ನು ಹೇಳಲೇಬೇಕು. ಯಾವುದೂ ಇಲ್ಲದಿದ್ದರೆ ದೇವರಿದ್ದಾನೆ. ಧರ್ಮಸ್ಥಳಕ್ಕೆ ಎಂದರೆ ಯಾರೂ ಮರುಮಾತಾಡುವುದಿಲ್ಲ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಹೆಂಗಸರು ನೋಡಿದ ನದಿ, ಬೆಟ್ಟ, ಘಟ್ಟ, ಸಮುದ್ರ ಎಲ್ಲವೂ ದೇವರ ನೆಪದಲ್ಲಿ ನೋಡಿದವು. ಅವರಿಗೆ ದೇವರು ಕೊಟ್ಟ ವರಗಳಲ್ಲಿ ಇದೂ ಒಂದೆಂದು ನಾನು ತಿಳಿದಿದ್ದೇನೆ.

ಸುಮ್ಮನೆ ಹೋಗುವುದು, ನೋಡುವುದು, ತಿನ್ನುವುದು, ಬರುವುದು ತಪ್ಪೇ? ತಪ್ಪಲ್ಲವಾದರೆ ಅದಕ್ಕೆ ಯಾಕೆ ಒಂದು ನೆಪ ಬೇಕು? ಶಾಲೆಯಲ್ಲೂ ನಾವು ಮಾಡುವುದು ಅದನ್ನೇ. ಮಕ್ಕಳನ್ನು ಸಂತೋಷಕ್ಕೆಂದು ಕರೆದುಕೊಂಡು ಹೋಗುತ್ತೇವೆ ಎಂದು ಕಾಗದದಲ್ಲಿ ಬರೆಯುವಂತಿಲ್ಲ. ಅದು ‘ಶೈಕ್ಷಣಿಕ ಪ್ರವಾಸ’ವೇ ಆಗಬೇಕು. ಬಂದ ಮೇಲೆ ಮಕ್ಕಳಿಂದ ಪ್ರವಾಸದ ಪ್ರಬಂಧ ಬರೆಸುತ್ತೇವೆ. ನಾನು ಇಂಥ ನೂರಾರು ಪ್ರಬಂಧ ತಿದ್ದಿದ್ದೇನೆ. ಹಳೇಬೀಡು ನಾಲ್ಕು ಸಾಲಿನಲ್ಲಿ ಮುಗಿದಿರುತ್ತದೆ. ದಾರಿಯಲ್ಲಿ ತಿಂದ ಚಿತ್ರಾನ್ನ, ಬಸ್ಸಿನಲ್ಲಿ ಯಾರು ವಾಂತಿ ಮಾಡಿದರು, ಯಾರು ಯಾರ ಪಕ್ಕ ಕುಳಿತರು ಎನ್ನುವುದು ಎರಡು ಪುಟ. ಮಕ್ಕಳು ಸುಳ್ಳು ಬರೆಯುವುದಿಲ್ಲ.

2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲವಾಯಿತು. ಎರಡು ವರ್ಷ ತುಂಬಿದ ಮೇಲೆ, 2025ರ ಜುಲೈ ಹೊತ್ತಿಗೆ, ಇಂಥ ಪ್ರಯಾಣಗಳ ಲೆಕ್ಕ 500 ಕೋಟಿ ದಾಟಿತು. ಇದರಲ್ಲಿ ಗಾರ್ಮೆಂಟ್ಸಿಗೆ, ಕಾಲೇಜಿಗೆ, ಕೂಲಿಗೆ, ಆಸ್ಪತ್ರೆಗೆ ಹೋದವರೆಷ್ಟೋ. ಅವರ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಕೇಳಿಬಂದ ಮಾತೆಲ್ಲ ಸುಮ್ಮನೆ ಹೋದವರ ಬಗ್ಗೆ. ‘ಬಿಟ್ಟಿ ಬಸ್ಸು ಅಂತ ಊರೂರು ಸುತ್ತುತಾವೆ, ಮನೇಲಿ ಸೊಪ್ಪು ಕಾಯಿಸೋರಿಲ್ಲ.’

ಈ ‘ಬಿಟ್ಟಿ’ ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಇದು ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು. ಅರ್ಥ, ಕೂಲಿಯಿಲ್ಲದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ. ಅರಸು, ಒಡೆಯ, ಅಧಿಕಾರಿ ಊರಿಗೆ ಬಂದಾಗ ಊರಿನ ಕೆಳಗಿನವರು ಹೊರೆ ಹೊರಬೇಕು, ಗುಡಿಸಬೇಕು, ಕಾವಲು ಕಾಯಬೇಕು, ಅದು ಬಿಟ್ಟಿ. ‘ಬಿಟ್ಟಿ ಚಾಕರಿ’ ಎಂದು ಈಗಲೂ ಅನ್ನುತ್ತೇವೆ. ದುಡಿದವರಿಗೆ ಏನೂ ಸಿಗದಿದ್ದದ್ದು ಬಿಟ್ಟಿಯಾಗಿತ್ತು. ದುಡಿಯದೆ ಸಿಕ್ಕಿದ್ದು ಬಿಟ್ಟಿ ಎಂದು ಅದು ಯಾವಾಗ ತಿರುಗಿತೋ, ಮಾತು ಹೀಗೆ ತಲೆಕೆಳಗಾದದ್ದು ಮಾತ್ರ ನಿಜ. ಯಾರ ಅಜ್ಜ ಅಜ್ಜಿಯರು ಬಿಟ್ಟಿ ಮಾಡಿದ್ದರೋ ಅವರ ಮೊಮ್ಮಕ್ಕಳಿಗೇ ಬಿಟ್ಟಿ ಬಸ್ಸು ಹತ್ತಿದಿರಿ ಎಂದು ಹೇಳುವ ಕಾಲ ಬಂತು. ನಮ್ಮಂಥ ಸರ್ಕಾರಿ ನೌಕರರಿಗೆ ರಜೆ ಪ್ರಯಾಣ ರಿಯಾಯಿತಿ ಎಂಬುದೊಂದಿದೆ. ಹೆಂಡತಿ ಮಕ್ಕಳ ಸಮೇತ ಸುತ್ತಾಡಿ ಬಂದು ಟಿಕೆಟ್ ಲಗತ್ತಿಸಿದರೆ ಸರ್ಕಾರ ಖರ್ಚು ಕೊಡುತ್ತದೆ. ಅದನ್ನು ಯಾರೂ ಬಿಟ್ಟಿ ಅಂದದ್ದು ನಾನು ಕೇಳಿಲ್ಲ. ಅದಕ್ಕೆ ಸೌಲಭ್ಯ ಎಂದು ಹೆಸರು.

2024ರ ಫೆಬ್ರವರಿಯ ಒಂದು ಭಾನುವಾರ ನಾವು ಆರು ಜನ ಬೆಂಗಳೂರಿಗೆ ಹೋದೆವು. ನಾನು, ನಮ್ಮ ಯಜಮಾನರು, ಎಂಬತ್ತರ ಹತ್ತಿರವಿದ್ದ ಅತ್ತೆ, ನಾದಿನಿ, ಪಿಯುಸಿ ಓದುತ್ತಿದ್ದ ಅವಳ ಮಗಳು, ಮತ್ತು ನಾದಿನಿಯ ಹೊಲದಲ್ಲಿ ಬಹಳ ವರ್ಷದಿಂದ ಕೂಲಿ ಮಾಡುವ ಒಬ್ಬಾಕೆ. ಆ ವರ್ಷ ಹೊಗೆಸೊಪ್ಪಿಗೆ ಹರಾಜಿನಲ್ಲಿ ಒಳ್ಳೆಯ ಬೆಲೆ ಸಿಕ್ಕಿತ್ತು. ಬ್ಯಾರನ್ನಿಗೆ ರಾತ್ರಿಯೆಲ್ಲ ಸೌದೆ ಒಟ್ಟುವಾಗ ನಾದಿನಿ ಆಕೆಗೆ ‘ಈ ಸಲ ರೇಟು ಬಂದ್ರೆ ನಿನ್ನೂ ಬೆಂಗ್ಳೂರಿಗೆ ಕರ್ಕೊಂಡು ಹೋಯ್ತೀನಿ’ ಎಂದು ಮಾತು ಕೊಟ್ಟಿದ್ದಳಂತೆ. ನಾದಿನಿ ಮಾತಿಗೆ ತಪ್ಪುವವಳಲ್ಲ.

ಅತ್ತೆ ಮೊದಮೊದಲು ಬರಲೊಲ್ಲೆ ಎಂದರು. ‘ಬೆಂಗಳೂರು ನೋಡಿದ್ದೀನಿ ಬಿಡು’ ಎನ್ನುವುದು ಅವರ ಮಾತು. ಅವರು ನೋಡಿದ್ದು ನಿಜ. 1986ರಲ್ಲಿ ಮಾವನವರ ಕಾಯಿಲೆಗೆಂದು ಹದಿನೇಳು ದಿನ ಅಲ್ಲಿದ್ದರು. ಆಸ್ಪತ್ರೆಯ ಪಡಸಾಲೆ, ಔಷಧಿ ಅಂಗಡಿ, ಕಿಟಕಿಯಿಂದ ಕಾಣುವ ಒಂದು ನೀರಿನ ಟ್ಯಾಂಕು, ರಾತ್ರಿ ಅದರ ಮೇಲೆ ಬೀಳುವ ಬೆಳಕು, ಇಷ್ಟು ಅವರ ಬೆಂಗಳೂರು. ಹದಿನೆಂಟನೆಯ ದಿನ ಮಾವನವರ ದೇಹದ ಜೊತೆಗೆ ಊರಿಗೆ ಬಂದರು. ಕೆಲಸವಿದ್ದೇ ಹೋದ ಪ್ರಯಾಣ ಅದು. ಯಾರೂ ಪ್ರಶ್ನೆ ಮಾಡದ ಪ್ರಯಾಣ.

ನಸುಕಿನ ನಾಲ್ಕಕ್ಕೆ ಹೊರಟು, ಹುಣಸೂರು, ಮೈಸೂರು ಎಂದು ಬಸ್ಸು ಬದಲಿಸಿ, ಬೆಂಗಳೂರಿನ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದಾಗ ಬಿಸಿಲೇರಿತ್ತು. ಐದು ಸೊನ್ನೆ ಟಿಕೆಟ್, ಒಂದು ದುಡ್ಡಿನ ಟಿಕೆಟ್. ದುಡ್ಡು ಕೊಟ್ಟವರು ಯಜಮಾನರೊಬ್ಬರೇ. ದಾರಿಯುದ್ದಕ್ಕೂ ಅದನ್ನು ಹೇಳಿಕೊಂಡು ಬಂದರು. ದೀಪಾಂಜಲಿನಗರದಲ್ಲಿ ಮೆಟ್ರೋ ಹತ್ತಿದೆವು. ಅಲ್ಲಿ ಎಲ್ಲರಿಗೂ ಟಿಕೆಟ್ ಉಂಟು. ತಾನೇ ಹತ್ತುವ ಮೆಟ್ಟಿಲನ್ನು ಕಂಡು ಅತ್ತೆ ‘ನಿಂತ ನೆಲವೇ ಓಡೋದಾದ್ರೆ ಕಾಲು ಯಾಕೆ’ ಎಂದು ಕಲ್ಲು ಮೆಟ್ಟಿಲಲ್ಲೇ ಹತ್ತಿದರು, ಮಂಡಿ ನೋವಿದ್ದರೂ.

ವಿಧಾನಸೌಧದ ಹತ್ತಿರದ ಮೆಟ್ರೋ ನಿಲ್ದಾಣಕ್ಕೆ ಅಂಬೇಡ್ಕರರ ಹೆಸರಿದೆ. ಮೇಲೆ ಬಂದರೆ ಒಂದು ಕಡೆ ಕೆಂಪು ಬಣ್ಣದ ಅಠಾರ ಕಚೇರಿ, ಅಂದರೆ ಹೈಕೋರ್ಟು. ಎದುರಿಗೆ ಬಿಳಿಗಲ್ಲಿನ ವಿಧಾನಸೌಧ. ಒಳಗೆ ಹೋಗಿ ನೋಡುವ ಏರ್ಪಾಡು 2025ರ ಜೂನ್‌ನಲ್ಲಿ ಶುರುವಾಯಿತು. ನಾವು ಹೋದಾಗ ಬೇಲಿಯಾಚೆ ನಿಂತು ನೋಡಿದೆವು. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ್ದು, ಕೆಂಗಲ್ ಹನುಮಂತಯ್ಯನವರು ಅದನ್ನು ಈ ಆಕಾರಕ್ಕೆ ಬೆಳೆಸಿದ್ದು, 1956ರಲ್ಲಿ ಮುಗಿದದ್ದು, ಎಲ್ಲವನ್ನೂ ನಾನು ಅಭ್ಯಾಸಬಲದಿಂದ ಹೇಳಿದೆ. ಹುಡುಗಿ ಮೇಲಿನ ಬರಹ ಓದಿದಳು. ಸರ್ಕಾರದ ಕೆಲಸ ದೇವರ ಕೆಲಸ. ಕೂಲಿಯಾಕೆ ಕೇಳಿಸಿಕೊಂಡು, ‘ಹಂಗಾದ್ರೆ ಸೊಪ್ಪು ಮುರಿಯೋದು ಯಾರ ಕೆಲ್ಸ ಟೀಚ್ರಮ್ಮ?’ ಎಂದಳು. ಗೇಲಿ ಮಾಡಿದ್ದೋ ತಿಳಿಯಲೆಂದು ಕೇಳಿದ್ದೋ ನನಗೆ ಗೊತ್ತಾಗಲಿಲ್ಲ. ಅಂಬೇಡ್ಕರರ ಪ್ರತಿಮೆಯ ಮುಂದೆ ಮಾತ್ರ ಆಕೆ ಚಪ್ಪಲಿ ಬಿಟ್ಟು, ನಮಗಿಂತ ಹೆಚ್ಚು ಹೊತ್ತು ನಿಂತಳು.

ಅಲ್ಲಿಂದ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಮುಗಿದಿತ್ತು. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆ ಖಾಲಿಯಿತ್ತು. ಅತ್ತೆಗೆ ಗಾಜಿನ ಮನೆ ಹಿಡಿಸಲಿಲ್ಲ, ಬಂಡೆ ಹಿಡಿಸಿತು. ಸುಮಾರು 300 ಕೋಟಿ ವರ್ಷದ ಕಲ್ಲು ಅತ್ತೆ ಇದು ಎಂದೆ. ‘ಅಷ್ಟು ವರ್ಷ ಸುಮ್ನೆ ಕೂತಿದೆಯಲ್ಲ, ಯಾರೂ ಏನೂ ಅನ್ನಲಿಲ್ಲವಾ?’ ಎಂದು ಅದರ ಮೇಲೆ ಸೆರಗು ಹಾಸಿ ಕುಳಿತರು. ನಾವು ಕೆರೆ ಸುತ್ತಿ ಬರುವವರೆಗೂ ಅಲ್ಲೇ ಕುಳಿತಿದ್ದರು. ಏನು ನೋಡಿದಿರಿ ಎಂದರೆ ‘ಜನ’ ಎಂದರು.

ನೋಡಿ, ನಮ್ಮ ಹಳೆಯ ಮೈಸೂರು ಸೀಮೆಯ ಒಕ್ಕಲುಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವನ ದಿನ. ಎತ್ತಿಗೆ ವಾರಕ್ಕೊಂದು ರಜ ಕೊಟ್ಟ ಊರಿನಲ್ಲಿ ಹೆಂಗಸಿಗೆ ಅಂಥ ಒಂದು ವಾರ ಗೊತ್ತುಮಾಡಲು ಯಾರಿಗೂ ತೋಚಲಿಲ್ಲ. ಭಾನುವಾರದ ರಜೆಯೂ ನಮಗೆ ತಾನಾಗಿ ಬಂದದ್ದಲ್ಲ. ಬೊಂಬಾಯಿಯ ಗಿರಣಿ ಕೂಲಿಕಾರರಿಗಾಗಿ ನಾರಾಯಣ ಮೇಘಾಜಿ ಲೋಖಂಡೆ ಎಂಬವರು ವರ್ಷಗಟ್ಟಲೆ ಹೋರಾಡಿದ ಮೇಲೆ 1890ರಲ್ಲಿ ಅದು ಸಿಕ್ಕಿತು. 1948ರ ಮಾನವ ಹಕ್ಕುಗಳ ವಿಶ್ವ ಘೋಷಣೆಯ 24ನೆಯ ವಿಧಿ ವಿಶ್ರಾಂತಿ ಮತ್ತು ಬಿಡುವು ಎಲ್ಲರ ಹಕ್ಕು ಎನ್ನುತ್ತದೆ, ಸಂಬಳ ಸಹಿತ ರಜೆಯನ್ನೂ ಅದರೊಳಗೆ ಸೇರಿಸುತ್ತದೆ. ಅನ್ನ, ಬಟ್ಟೆ, ಸೂರು ಬರೆದ ಕೈಯೇ ಬಿಡುವನ್ನೂ ಬರೆದಿದೆ. ಮನುಷ್ಯನಿಗೆ ಸುಮ್ಮನಿರುವುದೂ ಬೇಕು ಎಂದು ಯುದ್ಧದಿಂದ ಸುಸ್ತಾದ ಲೋಕಕ್ಕೆ ಹೊಳೆದಿರಬೇಕು.

ಆದರೆ ಆ ಭಾನುವಾರ ನಮ್ಮ ಆರು ಜನರಿಗೂ ಒಂದೇ ಆಗಿರಲಿಲ್ಲ. ನನಗೆ ಅದು ಸಂಬಳದ ಭಾನುವಾರ. ಬೆಂಗಳೂರಿನಲ್ಲಿದ್ದರೂ ಮನೆಯಲ್ಲಿ ಮಲಗಿದ್ದರೂ ತಿಂಗಳ ಕೊನೆಗೆ ವ್ಯತ್ಯಾಸವಿಲ್ಲ. ನಾದಿನಿಗೆ ಸೊಪ್ಪು ಮಾರಿದ ಮೇಲಿನ ಬಿಡುವು. ಕೂಲಿಯಾಕೆಗೆ ಆ ದಿನದ ಕೂಲಿ ಹೋಯಿತು. ಬಸ್ಸಿನ ಸೊನ್ನೆ ಟಿಕೆಟ್ಟಿನಲ್ಲಿ ಈ ಖರ್ಚು ಕಾಣುವುದಿಲ್ಲ. ಸುತ್ತಲು ಹೋದಳು ಎಂದು ಆಡಿಕೊಳ್ಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು: ಕಾಸಿಲ್ಲದವಳು ಸುಮ್ಮನಿರುವುದಕ್ಕೂ ಕಾಸು ತೆರುತ್ತಾಳೆ.

ಇನ್ನು ಊಟದ ವಿಷಯ. ಬೆಂಗಳೂರಿಗೆ ಹೋದವರು ತಿನ್ನದೆ ಬಂದರೆ ಹೋಗಿಯೂ ಹೋಗದಂತೆ ಎಂದು ಯಜಮಾನರ ಸಿದ್ಧಾಂತ. ಮನೆಯಿಂದ ಕಟ್ಟಿ ತಂದಿದ್ದ ಪುಳಿಯೋಗರೆ ಲಾಲ್‌ಬಾಗಿನ ಮರದಡಿಯಲ್ಲಿ ಮುಗಿದಿತ್ತು. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಕಥೆಯನ್ನು ಅವರು ದಾರಿಯಲ್ಲಿ ಹೇಳಿದರು. 1924ರಲ್ಲಿ ಶುರುವಾದ ಮನೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಅಲ್ಲಿ ರವೆ ಇಡ್ಲಿ ಹುಟ್ಟಿದ್ದು, ಗಿರಾಕಿಗಳನ್ನು ಅಡಿಗೆಮನೆಯ ಮೂಲಕವೇ ಒಳಗೆ ಬಿಡುತ್ತಿದ್ದ ಅವರ ಹಳೆಯ ಪದ್ಧತಿ. ಈ ಕಡೆಯದು ನನಗೆ ಬಹಳ ಹಿಡಿಸಿತು. ನಾವು ತಿನ್ನುವುದನ್ನು ಬೇಯಿಸುವವರ ಮುಖ ನೋಡಿ, ಬೆವರು ನೋಡಿ, ಆಮೇಲೆ ಎಲೆಯ ಮುಂದೆ ಕುಳಿತುಕೊಳ್ಳುವುದು ಎಲ್ಲ ಹೋಟೆಲುಗಳಿಗೂ ಒಳ್ಳೆಯ ನಿಯಮ. ನಮ್ಮ ಮನೆಗಳಿಗೂ.

ಅಲ್ಲಿ ಜನ ಹೆಚ್ಚಿದ್ದರಿಂದ ಆಟೋ ಹಿಡಿದು ಗಾಂಧಿ ಬಜಾರಿಗೆ ಹೋದೆವು. 1943ರಿಂದ ಇರುವ ವಿದ್ಯಾರ್ಥಿ ಭವನದಲ್ಲೂ ಕಾಯಬೇಕಾಯಿತು. ದೋಸೆಗಾಗಿ ಕಾಯುವುದನ್ನು ಅಲ್ಲಿ ಯಾರೂ ಅವಮಾನ ಅಂದುಕೊಳ್ಳುವುದಿಲ್ಲ. ಗೋಡೆಯ ಮೇಲೆ ನಾಡಿನ ದೊಡ್ಡವರ ರೇಖಾಚಿತ್ರಗಳು. ಮಾಣಿಯೊಬ್ಬ ಒಂದೇ ತೋಳಿನ ಮೇಲೆ ತಟ್ಟೆಯ ಮೇಲೆ ತಟ್ಟೆ ಏರಿಸಿಕೊಂಡು ಬರುವುದನ್ನು ಕಂಡು ಹುಡುಗಿ ಲೆಕ್ಕ ಹಾಕತೊಡಗಿದಳು. ಅಲ್ಲಿ ದೋಸೆಗೆ ಸಾಂಬಾರು ಕೊಡುವುದಿಲ್ಲ, ತೆಳ್ಳನೆಯ ಚಟ್ನಿಯೇ. ‘ಇದೇನು ನೀರು ಚಟ್ನಿ’ ಎಂದು ಮೂಗು ಮುರಿದ ನಾದಿನಿ ಎರಡು ಸಲ ಹಾಕಿಸಿಕೊಂಡಳು.

ಸಿಕ್ಕ ಮೇಜಿಗೆ ಎಲ್ಲರೂ ಒತ್ತಾಗಿ ಕುಳಿತೆವು. ಕೂಲಿಯಾಕೆ ಅತ್ತೆಯ ಪಕ್ಕ. ನಾದಿನಿಯ ಮನೆಯಲ್ಲಿ ಆಕೆ ಜಗಲಿ ದಾಟಿದ್ದು ನಾನು ಕಂಡಿಲ್ಲ. ಆಕೆಯ ಲೋಟ ಬೇರೆ, ಅದು ಕೊಟ್ಟಿಗೆಯ ಗೂಡಿನಲ್ಲಿರುತ್ತದೆ. ಈ ವಿಷಯ ನಾದಿನಿಯ ಹತ್ತಿರ ನಾನು ಆಡಿದ್ದೇನೆ, ಜಗಳವೂ ಆಗಿದೆ. ‘ಅವಳೇ ಒಳಕ್ಕೆ ಬರಲ್ಲ ಅತ್ತಿಗೆ’ ಎನ್ನುವುದು ಅವಳ ಉತ್ತರ. ಇಲ್ಲಿ ಮಾಣಿ ಯಾರು ಏನು ಎಂದು ಕೇಳದೆ ಆರು ಲೋಟ ನೀರು ತಂದು ಕುಕ್ಕಿ ಹೋದ. ಸಂವಿಧಾನದ 15ನೆಯ ವಿಧಿಯ ಎರಡನೆಯ ಉಪವಿಧಿಯಲ್ಲಿ ಅಂಗಡಿ, ಹೋಟೆಲು, ಮನರಂಜನೆಯ ಸ್ಥಳ, ಬಾವಿ, ಕೆರೆ, ರಸ್ತೆ ಎಂದು ಬಿಡಿಬಿಡಿಯಾಗಿ ಹೆಸರಿಸಿದೆ. ಮಕ್ಕಳಿಗೆ ಅದನ್ನು ಪಾಠ ಮಾಡುವಾಗ ಇಷ್ಟು ಸಣ್ಣ ಸಂಗತಿ ಯಾಕೆ ಬರೆದರೋ ಎಂಬಂತೆ ನೋಡುತ್ತಾರೆ. ಸಣ್ಣ ಸಂಗತಿಯಲ್ಲ. ತಿನ್ನುವ ಜಾಗ, ನೋಡುವ ಜಾಗ ಎರಡೂ ಅದರಲ್ಲಿವೆ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದು ಅದಕ್ಕೆ ಹಲ್ಲು ಕೊಟ್ಟಿತು. ಕಾಯ್ದೆ ಹೋಟೆಲಿನ ಮೇಜಿನವರೆಗೆ ಬಂದಿದೆ, ಜಗಲಿಯ ಮುಂದೆ ನಿಂತಿದೆ. ಅತ್ತೆ ತಮ್ಮ ದೋಸೆ ಪೂರ್ತಿ ತಿನ್ನಲಾರದೆ ಅರ್ಧ ಮುರಿದು ಪಕ್ಕದ ತಟ್ಟೆಗೆ ಹಾಕಿದರು. ಎಂಜಲಾಗುವ ಮೊದಲೇ ಮುರಿದದ್ದು. ಆಕೆ ತಿಂದಳು. ಯಾರೂ ಏನೂ ಮಾತಾಡಲಿಲ್ಲ.

ಬಿಲ್ಲು ಬಂದಾಗ ನಾದಿನಿ ಕೈಚೀಲ ತೆಗೆದಳು. ಆಗ ಕೂಲಿಯಾಕೆ ಸೆರಗಿನ ಗಂಟು ಬಿಚ್ಚಿ, ಮಡಿಸಿದ ನೂರರ ನೋಟು ತೆಗೆದು ಮೇಜಿನ ಮೇಲೆ ಇಟ್ಟಳು. ‘ಇದು ನಂದು.’ ಬೆಳಗ್ಗೆ ಮೆಟ್ರೋದಲ್ಲಿ, ಲಾಲ್‌ಬಾಗಿನಲ್ಲಿ ಆಕೆ ಕೊಡಲು ಬಂದದ್ದನ್ನು ನಾದಿನಿ ಹೇಗೋ ತಳ್ಳಿಹಾಕಿದ್ದಳು. ಈಗ ಅವಳಿಗೆ ಸಿಟ್ಟು ಬಂತು. ‘ನಾನು ಕರ್ಕೊಂಡು ಬಂದಿರೋದು, ನಿನ್ನ ಕೈಲಿ ಕೊಡಿಸ್ತೀನಾ? ಮೊದಲು ತಗಿ ಅದನ್ನ’ ಎಂದಳು. ಕೂಲಿಯಾಕೆ ತೆಗೆಯಲಿಲ್ಲ. ದನಿ ಎತ್ತಲೂ ಇಲ್ಲ. ‘ಸುಮ್ಕೆ ತಿಂದ್ರೆ ನಾಳಿಕೆ ನೀವು ಕೆಲ್ಸಕ್ಕೆ ಕರ್ದಾಗ ಬರಾಕಿಲ್ಲ ಅನ್ನಕಾದದಾ ಅಮ್ಮಾವ್ರೆ? ಬಸ್ಸಿಂದು ಗೌರ್ಮೆಂಟ್ ಕೊಡ್ತು, ಅದು ನಮ್ಮನೆ ಬಾಗಿಲಿಗೆ ಬಂದು ಕರಿಯಾಕಿಲ್ಲ. ನೀವು ಕರೀತೀರ.’

ನಾದಿನಿ ಕೆಟ್ಟವಳಲ್ಲ. ಪ್ರೀತಿಯಿಂದಲೇ ಕರೆದುಕೊಂಡು ಬಂದಿದ್ದಳು, ಆ ಪ್ರೀತಿ ನಿಜವಾದದ್ದು. ಆದರೆ ಆಕೆ ಹೇಳಿದ್ದು ಪ್ರೀತಿಯ ವಿಷಯವಲ್ಲ, ಋಣದ ವಿಷಯ. ಆಕೆಯ ತಂದೆ ಒಂದು ಮದುವೆ ಸಾಲಕ್ಕೆ ಜೀತಕ್ಕಿದ್ದವನು. ಜೀತವನ್ನು ಕಾನೂನು ತೆಗೆದುಹಾಕಿದ್ದು 1976ರಲ್ಲಿ. ಸಾಲದ ಪತ್ರವಿಲ್ಲದೆಯೂ ಜೀತ ನಡೆಯುತ್ತದೆ. ಹಬ್ಬಕ್ಕೆ ಕೊಟ್ಟ ಸೀರೆ, ಮಗುವಿಗೆ ಕೊಟ್ಟ ಔಷಧಿ, ಒಂದು ಹೊತ್ತಿನ ಹೋಳಿಗೆ ಊಟ ಸಾಕು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂದು ನಾವು ಗಾದೆ ಹೇಳುತ್ತೇವೆ. ಉಪ್ಪು ತಿನ್ನಿಸುವವರಿಗೆ ಅನುಕೂಲವಾದ ಗಾದೆ. ದಾನ ಕೊಟ್ಟವನು ಮರೆಯಬೇಕು ಎನ್ನುತ್ತಾರೆ. ಮರೆತರೂ ತಿಂದವಳು ಮರೆಯುವಂತಿಲ್ಲವಲ್ಲ, ಕಷ್ಟ ಇರುವುದು ಅಲ್ಲಿ.

ಹಾಗೆಂದು ಎಲ್ಲವನ್ನೂ ನೋಟಿನಲ್ಲಿ ತೀರಿಸಿಬಿಡಬಹುದೆಂದೂ ನನಗನ್ನಿಸುವುದಿಲ್ಲ. ಹಾಗಾದರೆ ಮನುಷ್ಯರ ನಡುವೆ ಉಳಿಯುವುದೇನು? ನಾವು ಅಕ್ಕತಂಗಿಯರು ಒಬ್ಬರಿಗೊಬ್ಬರು ಬಿಲ್ಲು ಕೊಡಲು ಕಿತ್ತಾಡುವುದಿಲ್ಲವೇ? ಆ ಕಿತ್ತಾಟದಲ್ಲಿ ಸುಖವಿದೆ, ಈ ಸಲ ನೀನು, ಮುಂದಿನ ಸಲ ನಾನು ಎಂಬ ಭರವಸೆಯಿದೆ. ಕೂಲಿಯಾಕೆಯ ಮತ್ತು ನಾದಿನಿಯ ನಡುವೆ ಆ ಮುಂದಿನ ಸಲ ಇಲ್ಲ. ಆಕೆ ನಾದಿನಿಯನ್ನು ತನ್ನ ಮನೆಗೆ ಊಟಕ್ಕೆ ಕರೆಯುವ ದಿನ, ನಾದಿನಿ ಹೋಗಿ ಉಣ್ಣುವ ದಿನ ಬಂದರೆ, ಅಂದು ದೋಸೆಯ ದುಡ್ಡು ಯಾರು ಕೊಟ್ಟರೂ ನಡೆಯುತ್ತದೆ. ಅಲ್ಲಿಯವರೆಗೆ ಸೆರಗಿನ ಗಂಟಿನ ನೂರು ರೂಪಾಯಿಯೇ ಸರಿ. ಸರ್ಕಾರದ ಸೊನ್ನೆ ಟಿಕೆಟ್ಟಿನ ಮೇಲೂ ನನಗೆ ಗೌರವ ಹೆಚ್ಚಿದ್ದು ಈ ಕಾರಣಕ್ಕೆ. ಅದು ಯಾರ ಮುಖವೂ ಇಲ್ಲದ ಕೊಡುಗೆ. ಕಂಡಕ್ಟರಿಗೆ ಕೈಮುಗಿಯಬೇಕಾಗಿಲ್ಲ. ಚುನಾವಣೆಯಲ್ಲಿ ಅದರ ಮೇಲೆ ಮುಖ ಅಂಟಿಸಲು ನೋಡುತ್ತಾರೆ ಎನ್ನುವುದು ಬೇರೆ ಮಾತು.

ಹುಡುಗಿ ನಡುವೆ ಬಂದು ಬಿಲ್ಲನ್ನು ಆರರಿಂದ ಭಾಗಿಸಿ, ಫೋನಿನಲ್ಲಿ ಲೆಕ್ಕ ಮಾಡಿ, ಆಕೆಯ ಪಾಲಿಗೆ ಹಿಡಿದು ಉಳಿದ ಚಿಲ್ಲರೆ ವಾಪಸು ಕೊಟ್ಟಳು. ನಾದಿನಿ ಮೆಟ್ರೋದಲ್ಲೂ ಮೈಸೂರು ಬಸ್ಸಿನಲ್ಲೂ ಮಾತಾಡಲಿಲ್ಲ. ಅತ್ತೆ ರಾಮನಗರ ದಾಟುವ ಹೊತ್ತಿಗೆ ಆಕೆಯ ಭುಜಕ್ಕೆ ಒರಗಿ ನಿದ್ದೆಹೋದರು.

ಮೇ ತಿಂಗಳಲ್ಲಿ ಮಳೆ ಬಿದ್ದು ಹೊಗೆಸೊಪ್ಪು ನಾಟಿ ಶುರುವಾಯಿತು. ಎಲ್ಲರಿಗೂ ಆಳು ಬೇಕು, ಒಂದೇ ವಾರದಲ್ಲಿ ಬೇಕು. ನಾದಿನಿ ಹೇಳಿಕಳಿಸಿದರೆ, ಮೊದಲೇ ಬೇರೆಯವರಿಗೆ ಒಪ್ಪಿಕೊಂಡಿದ್ದೀನಿ, ಎರಡು ದಿನ ಬರಾಕಾಗಲ್ಲ ಎಂದು ಆಕೆಯಿಂದ ಉತ್ತರ ಬಂತು. ನಾನು ಅಂದು ಅಲ್ಲೇ ಇದ್ದೆ. ‘ನೋಡಿ ಅತ್ತಿಗೆ, ಬೆಂಗ್ಳೂರಿಗೆ ಕರ್ಕೊಂಡು ಹೋಗಿ’ ಎಂದು ಶುರುಮಾಡಿದ ನಾದಿನಿ ಮಾತು ಅರ್ಧಕ್ಕೇ ನಿಲ್ಲಿಸಿ, ಸಸಿಮಡಿಗೆ ನೀರು ಹಾಕಲು ಹೋದಳು. ಮೂರನೆಯ ದಿನ ಬೆಳಗ್ಗೆ ಆಕೆ ಬಂದಳು. ಈ ವರ್ಷ ಕೂಲಿ ಎಷ್ಟು ಎಂದು ಬೇಲಿಯಾಚೆಯಿಂದಲೇ ಕೇಳಿ ತಿಳಿದುಕೊಂಡು, ಆಮೇಲೆ ಸಸಿ ಕೀಳಲು ಕುಳಿತಳು.